ಸ್ಟೇರಿಂಗ್ ನಡುಗುತ್ತಿದೆಯೇ? ದುಡ್ಡು ಕೊಡುವ ಮೊದಲು ಚಕ್ರ ನೋಡಿ

ಬೆಂಗಳೂರಿನೊಳಗೇ ಕಾರು ಓಡಿಸುವವರಿಗೆ ಈ ದೋಷ ಎಷ್ಟೋ ತಿಂಗಳು ಗೊತ್ತೇ ಆಗುವುದಿಲ್ಲ. ಸಿಲ್ಕ್ ಬೋರ್ಡ್ ಹತ್ತಿರ 80ರಲ್ಲಿ ಓಡಿಸುವವರು ಯಾರಿದ್ದಾರೆ? ಒಂದು ಶನಿವಾರ ಬೆಳಿಗ್ಗೆ ಮೈಸೂರಿಗೆ ಹೊರಡುತ್ತೀರಿ. ಕೆಂಗೇರಿ ದಾಟಿ ಎಕ್ಸ್‌ಪ್ರೆಸ್‌ವೇ ಹತ್ತುತ್ತೀರಿ. ಮುಳ್ಳು 80ರ ಹತ್ತಿರ ಬಂದಾಗ ಸ್ಟೇರಿಂಗ್ ಹಿಡಿದ ಕೈ ಜುಮ್ಮೆನ್ನಲು ಶುರುವಾಗುತ್ತದೆ. 90ಕ್ಕೆ ಕೈಗಡಿಯಾರವೂ ಅದುರುತ್ತದೆ. 65ಕ್ಕೆ ಇಳಿಸಿದರೆ ಏನೂ ಇಲ್ಲ, ಕಾರು ತಣ್ಣಗಿದೆ.

ಬಹಳ ಸಲ ಇದು ವೀಲ್ ಬ್ಯಾಲೆನ್ಸಿಂಗ್ ತಪ್ಪಿದ್ದೇ, ಅಂದರೆ ಚಕ್ರದ ಸುತ್ತ ತೂಕ ಸಮ ಇಲ್ಲದ್ದೇ ಆಗಿರುತ್ತದೆ. ಆದರೆ ಕಾರು ನಡುಗಲು ಬೇರೆ ಹತ್ತು ಕಾರಣಗಳಿವೆ. ಅಂಗಡಿಗೆ ಹೋಗಿ "ಗಾಡಿ ವೈಬ್ರೇಷನ್ ಬರ್ತಿದೆ" ಅಂದರೆ ಅವರು ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ನೈಟ್ರೋಜನ್ ಎಲ್ಲ ಸೇರಿಸಿ ಒಂದು ಬಿಲ್ಲು ಹಾಕುತ್ತಾರೆ. ಅವರ ತಪ್ಪೂ ಅಲ್ಲ, ನಾವು ಹೇಳಿದ್ದೇ ಅಷ್ಟು.

ಹಾಗಾಗಿ ಹೋಗುವ ಮೊದಲು ಮೂರು ವಿಷಯ ಗಮನಿಸಿ ಬರೆದಿಟ್ಟುಕೊಳ್ಳಿ. ನಡುಕ ಯಾವ ವೇಗಕ್ಕೆ ಶುರುವಾಗುತ್ತದೆ, ಯಾವ ವೇಗಕ್ಕೆ ನಿಲ್ಲುತ್ತದೆ? ಅದು ಕೈಗೆ ಬರುತ್ತದೋ, ಸೀಟಿಗೆ ಬರುತ್ತದೋ? ಆಗ ನಿಮ್ಮ ಕಾಲು ಎಲ್ಲಿರುತ್ತದೆ, ಆಕ್ಸಿಲರೇಟರ್ ಮೇಲೋ, ಬ್ರೇಕ್ ಮೇಲೋ, ಎರಡೂ ಬಿಟ್ಟಾಗಲೂ ಇದೆಯೋ? ಪಕ್ಕದಲ್ಲಿ ಕೂತವರ ಕೈಲಿ ಬರೆಸಿ, ಓಡಿಸುವಾಗ ನೀವೇ ಮೊಬೈಲ್ ಮುಟ್ಟಬೇಡಿ. ಮುಂದೆ ಹೇಳುವುದೆಲ್ಲ ಈ ಮೂರು ಉತ್ತರಗಳ ಮೇಲೇ ನಿಂತಿದೆ.

80 ದಾಟಿದ ಮೇಲೆ ಸ್ಟೇರಿಂಗ್ ನಡುಗುತ್ತದೆ

ಇದು ಮುಂದಿನ ಚಕ್ರದ ಬ್ಯಾಲೆನ್ಸ್ ತಪ್ಪಿದಾಗಿನ ಲಕ್ಷಣ. 70–80ಕ್ಕೆ ಶುರುವಾಗಿ 90–100ರಲ್ಲಿ ಜೋರಾಗಿ, ಕೆಲವು ಕಾರುಗಳಲ್ಲಿ ಅದಕ್ಕೂ ಮೇಲೆ ಹೋದರೆ ಕಡಿಮೆಯಾಗುತ್ತದೆ. ಉಯ್ಯಾಲೆಯನ್ನು ತಾಳಕ್ಕೆ ಸರಿಯಾಗಿ ತಳ್ಳಿದರೆ ಜಾಸ್ತಿ ತೂಗುತ್ತದೆ ಅಲ್ವಾ, ಹಾಗೆಯೇ ಚಕ್ರದ ಕುಣಿತ ಸಸ್ಪೆನ್ಷನ್ನಿನ ತಾಳಕ್ಕೆ ಸೇರುವ ಒಂದು ವೇಗ ಇರುತ್ತದೆ. ಅದಕ್ಕೇ ಕಡಿಮೆಯಾಯಿತು ಅಂತ ಇನ್ನೂ ಜೋರಾಗಿ ಓಡಿಸಬೇಡಿ. ನಡುಕ ಕೈಗೆ ತಿಳಿಯದಿದ್ದರೂ ಟೈರು, ಬೇರಿಂಗ್‌ಗಳಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ.

ಮೊದಲ ಕೆಲಸಕ್ಕೆ ಬೇಕಾಗಿರುವುದು ಒಂದು ಬಕೆಟ್ ನೀರು ಅಷ್ಟೇ. ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಒಂದು ಮಳೆಗಾಲ ಮೂಡಿಗೆರೆ ಕಡೆಯ ತೋಟದ ರಸ್ತೆಗಳಲ್ಲಿ ಎರಡು ದಿನ ಓಡಾಡಿ ವಾಪಸ್ ಬರುವಾಗ, ಹಾಸನ ದಾಟಿದ ಮೇಲೆ ನಡುಕ ಶುರುವಾಯಿತು. ಊರಿಗೆ ಬಂದವನೇ ಬ್ಯಾಲೆನ್ಸಿಂಗ್ ಮಾಡಿಸಿದೆ. ಸರಿಹೋಯಿತು. ನಾಲ್ಕು ದಿನ ಬಿಟ್ಟು ಮತ್ತೆ ಅದೇ ನಡುಕ. ಈ ಸಲ ಬಗ್ಗಿ, ಮೊಬೈಲ್ ಟಾರ್ಚ್ ಹಾಕಿ ರಿಮ್ಮಿನ ಒಳಬದಿ ನೋಡಿದೆ. ಒಣಗಿದ ಕೆಮ್ಮಣ್ಣು ಅರ್ಧ ಉದುರಿ, ಇನ್ನರ್ಧ ಹಕ್ಕಳೆಯ ಹಾಗೆ ಅಂಟಿಕೊಂಡಿತ್ತು. ಅಂಗಡಿಯ ಹುಡುಗ ಮಣ್ಣನ್ನೂ ಸೇರಿಸಿ ಬ್ಯಾಲೆನ್ಸ್ ಮಾಡಿದ್ದ! ಮಣ್ಣು ಉದುರಿದ ಮೇಲೆ, ಸಮ ಮಾಡಲು ಅವನು ರಿಮ್ಮಿಗೆ ಅಂಟಿಸಿದ ತೂಕದ ತುಂಡುಗಳೇ ಹೆಚ್ಚಾಗಿ ಚಕ್ರ ಕುಣಿಯುತ್ತಿತ್ತು. ತೊಳೆಯದ ಚಕ್ರವನ್ನು ಮಷಿನ್ನಿಗೆ ಹಾಕಿಸಲೇಬೇಡಿ.

ತೊಳೆಯುವಾಗ ಒಂದು ಎಚ್ಚರ. ಪ್ರೆಷರ್ ಪೈಪನ್ನು ತೀರ ಹತ್ತಿರ ಹಿಡಿದರೆ ಅಂಟಿಸಿದ ತೂಕಗಳೇ ಕಿತ್ತು ಹೋಗುತ್ತವೆ. ವಾಟರ್ ವಾಶ್ ಮಾಡಿಸಿದ ಮರುದಿನದಿಂದ ನಡುಕ ಶುರುವಾದರೆ ಇದೇ ಕಾರಣ ಇರಬಹುದು.

ಎರಡನೆಯದು ಗಾಳಿ. ಎಷ್ಟು ಗಾಳಿ ಬೇಕೆಂದು ಡ್ರೈವರ್ ಬಾಗಿಲ ಕಂಬದ ಮೇಲಿನ ಸ್ಟಿಕರಿನಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಬರೆದಿರುತ್ತದೆ. ಟೈರಿನ ಬದಿಯಲ್ಲಿ ಅಚ್ಚಾಗಿರುವ ಸಂಖ್ಯೆ ಅದು ತಡೆಯಬಲ್ಲ ಗರಿಷ್ಠ ಒತ್ತಡ, ಅಷ್ಟು ತುಂಬಿಸಬೇಡಿ. ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ನೋಡಬೇಕು. ನೂರು ಕಿಲೋಮೀಟರ್ ಓಡಿದ ಟೈರಿನಲ್ಲಿ ಮೂರು ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುವುದು ಸಹಜ, ಅದನ್ನು ನೋಡಿ ಗಾಳಿ ಬಿಡಬೇಡಿ. ಒಂದು ಚಕ್ರದಲ್ಲಿ ಮಾತ್ರ ಪದೇಪದೇ ಕಡಿಮೆಯಾಗುತ್ತಿದ್ದರೆ ಪಂಕ್ಚರ್, ವಾಲ್ವ್, ಇಲ್ಲವೇ ರಿಮ್ಮಿನ ಅಂಚು ಬಾಗಿದೆ ಅಂತ ಲೆಕ್ಕ.

ಮೂರನೆಯದಾಗಿ ತೂಕದ ಗುರುತು ಹುಡುಕಿ. ಕಬ್ಬಿಣದ ರಿಮ್ಮಿಗೆ ಅಂಚಿನಲ್ಲಿ ಕ್ಲಿಪ್ಪಿನ ಹಾಗೆ ಕಚ್ಚಿಸಿರುತ್ತಾರೆ. ಅಲಾಯ್ ರಿಮ್ಮಿಗೆ 5 ಅಥವಾ 10 ಗ್ರಾಮಿನ ತುಂಡುಗಳ ಪಟ್ಟಿಯನ್ನು ಒಳಗಡೆ ಅಂಟಿಸುತ್ತಾರೆ. ಧೂಳಿನ ನಡುವೆ ಒಂದು ಆಯತಾಕಾರದ ಸ್ವಚ್ಛ ಜಾಗ, ಅದರಲ್ಲಿ ಅಂಟಿನ ಕಲೆ ಕಂಡರೆ ಅಲ್ಲಿದ್ದದ್ದು ಬಿದ್ದುಹೋಗಿದೆ. ಆ ಚಕ್ರ ಯಾವುದು ಅಂತ ಅಂಗಡಿಯವರಿಗೆ ತೋರಿಸಿ.

ಇತ್ತೀಚೆಗೆ ಪಂಕ್ಚರ್ ಆಗಿತ್ತಾ ಅನ್ನುವುದನ್ನೂ ನೆನಪಿಸಿಕೊಳ್ಳಿ. ಹೊರಗಿನಿಂದ ಸ್ಟ್ರಿಪ್ ಹಾಕಿದ್ದರೆ ತೊಂದರೆ ಇಲ್ಲ. ಟೈರ್ ಬಿಚ್ಚಿ ಒಳಗೆ ಪ್ಯಾಚ್ ಹಾಕಿದ್ದರೆ, ವಾಪಸ್ ಕೂರಿಸುವಾಗ ಟೈರ್ ರಿಮ್ಮಿನ ಮೇಲೆ ಬೇರೆ ಜಾಗಕ್ಕೆ ಬಂದಿರುತ್ತದೆ, ಹಳೆಯ ತೂಕದ ಲೆಕ್ಕ ತಪ್ಪುತ್ತದೆ. ಬಿಚ್ಚುವ ಮೊದಲೇ ವಾಲ್ವಿನ ನೇರಕ್ಕೆ ಟೈರಿನ ಮೇಲೆ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆಸಿ. ಹಾಗಿದ್ದರೂ ಬ್ಯಾಲೆನ್ಸ್ ನೋಡಿಸುವುದೇ ಒಳ್ಳೆಯದು. ಪಂಕ್ಚರ್ ಮುಚ್ಚುವ ದ್ರವ ಸುರಿದಿದ್ದರೆ ಕೇಳುವುದೇ ಬೇಡ. ಅದು ಒಳಗೆ ತಳಕ್ಕೆ ಸೇರಿಕೊಂಡು ಹೆಪ್ಪುಗಟ್ಟಿದರೆ ಯಾವ ಮಷಿನ್ನೂ ಸರಿ ಲೆಕ್ಕ ಕೊಡುವುದಿಲ್ಲ. ಬಿಚ್ಚಿ ಒರೆಸಿಯೇ ಆಗಬೇಕು.

ಇಪ್ಪತ್ತು ಗ್ರಾಮಿಗೆ ಇಷ್ಟೊಂದು ಕುಣಿತವೇ?

ಒಂದು ಹಿಡಿ ಕಡಲೆಬೀಜಕ್ಕಿಂತ ಕಡಿಮೆ ತೂಕ, ಒಂದು ಟನ್ ಕಾರನ್ನು ಅಲ್ಲಾಡಿಸುತ್ತದೆ ಅಂದರೆ ನಂಬುವುದು ಕಷ್ಟ. ಲೆಕ್ಕ ಹಾಕಿ ನೋಡೋಣ. 175/65 ಆರ್14 ಟೈರಿನ ಚಿಕ್ಕ ಕಾರು 100 ಕಿಲೋಮೀಟರ್ ವೇಗದಲ್ಲಿ ಓಡುವಾಗ ಚಕ್ರ ಸೆಕೆಂಡಿಗೆ 15 ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ 20 ಗ್ರಾಂ ಹೆಚ್ಚಿದ್ದರೆ ಅದು ಹೊರಕ್ಕೆ ಎಳೆಯುವ ಬಲ 3 ಕೆಜಿಗೂ ಸ್ವಲ್ಪ ಜಾಸ್ತಿ. ಅಂದರೆ ಸೆಕೆಂಡಿಗೆ 15 ಸಲ ಯಾರೋ 3 ಕೆಜಿ ಬಲ ಹಾಕಿ ಚಕ್ರವನ್ನು ಮೇಲೆ, ಕೆಳಗೆ, ಹಿಂದೆ, ಮುಂದೆ ತಳ್ಳಿದ ಹಾಗೆ. ವೇಗ ಅರ್ಧ ಆದರೆ ಈ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. 50ರಲ್ಲಿ ನಿಮಗೆ ಏನೂ ಗೊತ್ತಾಗದಿರಲು ಇದೇ ಕಾರಣ.

ಅಂಗಡಿಯಲ್ಲಿ ಮಷಿನ್ ಪಕ್ಕ ನಿಲ್ಲಿ

ಟೀ ಕುಡಿಯುತ್ತ ಸುಮ್ನೆ ಹೊರಗೆ ಕೂರಬೇಡಿ. ಬ್ಯಾಲೆನ್ಸಿಂಗ್ ಮಷಿನ್ ಎಷ್ಟೇ ಒಳ್ಳೆಯದಿದ್ದರೂ ಚಕ್ರವನ್ನು ಅದರ ಶಾಫ್ಟಿನ ಮೇಲೆ ಸರಿಯಾಗಿ ನಡುವಿಗೆ ಕೂರಿಸಿದರೆ ಮಾತ್ರ ಉಪಯೋಗ. ಮೊದಲು ಹಳೆಯ ತೂಕಗಳನ್ನೆಲ್ಲ ಕಿತ್ತು, ಅಂಟು ಕೆರೆದು ಒರೆಸಬೇಕು. ಹಳೆಯದರ ಪಕ್ಕಕ್ಕೆ ಹೊಸದು, ಅದರ ಎದುರಿಗೆ ಮತ್ತೊಂದು ಅಂತ ಅಂಟಿಸುತ್ತ ಹೋದರೆ ಚಕ್ರ ಹರಕೆ ಹೊತ್ತ ಮರದ ಹಾಗೆ ಕಾಣುತ್ತದೆ. ತೂಕಕ್ಕೆ ಗ್ರಾಂ ಲೆಕ್ಕದಲ್ಲಿ ದುಡ್ಡು ಬೇರೆ.

ಆಮೇಲೆ ಚಕ್ರದ ನಡುವಿನ ತೂತಿಗೆ ಸರಿಹೊಂದುವ ಕೋನ್ ಹಾಕಿ ಬಿಗಿಯುತ್ತಾರೆ. ರಿಮ್ ಮಷಿನ್ನಿನಿಂದ ಎಷ್ಟು ದೂರ, ಎಷ್ಟು ಅಗಲ, ಎಷ್ಟು ಇಂಚು ವ್ಯಾಸ ಅನ್ನುವ ಮೂರು ಅಳತೆ ಮಷಿನ್ನಿಗೆ ಕೊಡುತ್ತಾರೆ. ಹಿಂದಿನ ಕಾರಿನ ಅಳತೆಯಲ್ಲೇ ನಿಮ್ಮ ಚಕ್ರ ತಿರುಗಿಸಿದರೆ ಬರುವ ಸಂಖ್ಯೆ ತಪ್ಪು. ಚಕ್ರ ತಿರುಗಿ ನಿಂತ ಮೇಲೆ ಎರಡು ಸಂಖ್ಯೆ ಬರುತ್ತವೆ, ಒಂದು ಒಳಬದಿಗೆ, ಇನ್ನೊಂದು ಹೊರಬದಿಗೆ. ತೂಕ ಅಂಟಿಸಿ ಮತ್ತೆ ತಿರುಗಿಸಿದಾಗ ಎರಡೂ ಸೊನ್ನೆ ಬರಬೇಕು. ಎರಡನೇ ಸಲ ತಿರುಗಿಸದೆ "ಆಯ್ತು ಸಾರ್" ಅಂದರೆ ಆಗಿಲ್ಲ ಅಂತಲೇ ಅರ್ಥ.

ಅನುಮಾನ ಇದ್ದರೆ ಒಂದು ಪರೀಕ್ಷೆ ಕೇಳಿ. ಸೊನ್ನೆ ಬಂದ ಚಕ್ರವನ್ನು ಸಡಿಲಿಸಿ, ಶಾಫ್ಟಿನ ಮೇಲೆ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಲಿ. 5 ಗ್ರಾಂ ವ್ಯತ್ಯಾಸ ಬಂದರೆ ಪರವಾಗಿಲ್ಲ. 15, 20 ತೋರಿಸಿದರೆ ಚಕ್ರ ನಡುವಿಗೆ ಕೂತಿರಲಿಲ್ಲ, ಮೊದಲು ಮಾಡಿದ ಕೆಲಸ ವ್ಯರ್ಥ. ಕೆಲವರು ಮುಖ ಗಂಟು ಹಾಕುತ್ತಾರೆ. ಕೆಲಸ ಗೊತ್ತಿರುವವರು ಖುಷಿಯಿಂದ ಮಾಡಿ ತೋರಿಸುತ್ತಾರೆ.

ಚಿಕ್ಕ ಕಾರಿನ ಚಕ್ರ ಒಂದೇ ಬದಿಗೆ 60–70 ಗ್ರಾಮಿಗಿಂತ ಜಾಸ್ತಿ ಕೇಳಿದರೆ ತೂಕ ಅಂಟಿಸುವುದನ್ನು ನಿಲ್ಲಿಸಿ, ಯಾಕೆ ಅಂತ ನೋಡಬೇಕು. ಟೈರಿನ ಗಾಳಿ ಬಿಟ್ಟು, ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಎಷ್ಟೋ ಸಲ ಅರ್ಧಕ್ಕರ್ಧ ಇಳಿಯುತ್ತದೆ. ಹೊಸ ಟೈರಿನ ಮೇಲೆ ಹಳದಿ ಚುಕ್ಕಿ ಇದ್ದರೆ ಅದು ಟೈರಿನ ಹಗುರ ಜಾಗ, ಅದನ್ನು ವಾಲ್ವಿನ ನೇರಕ್ಕೆ ಕೂರಿಸುವುದು ರೂಢಿ.

ಸ್ಟೇರಿಂಗ್ ಸುಮ್ಮನಿದೆ, ಸೀಟು ನಡುಗುತ್ತದೆ

ಹಿಂದಿನ ಚಕ್ರಗಳನ್ನು ನೋಡಿ. ಮಾಡಬೇಕಾದದ್ದೆಲ್ಲ ಮೇಲಿನದೇ. ಎಷ್ಟೋ ಜನ ಮುಂದಿನ ಎರಡಕ್ಕೆ ಮಾತ್ರ ಬ್ಯಾಲೆನ್ಸಿಂಗ್ ಮಾಡಿಸಿ ದುಡ್ಡು ಉಳಿಸಿದೆವು ಅಂದುಕೊಳ್ಳುತ್ತಾರೆ. ಆಮೇಲೆ ಟೈರ್ ರೊಟೇಷನ್ ಮಾಡಿಸಿದ ದಿನ ಹಿಂದಿದ್ದದ್ದು ಮುಂದೆ ಬಂದು ಸ್ಟೇರಿಂಗ್ ಕುಣಿಯುತ್ತದೆ.

ಬೆಳಿಗ್ಗೆ ಹೊರಟಾಗ ಮಾತ್ರ, ಆಮೇಲೆ ಸರಿ

ಕಾರು ಎರಡು ಮೂರು ವಾರ ನಿಂತಲ್ಲೇ ನಿಂತಿತ್ತಾ? ಟೈರಿನ ಕೆಳಭಾಗ ಚಪ್ಪಟೆಯಾಗಿರುತ್ತದೆ. 15–20 ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಹೋದರೆ ಚಿಂತೆ ಇಲ್ಲ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಆ ಚಪ್ಪಟೆ ಹಾಗೇ ಉಳಿಯಬಹುದು. ಅಂಥ ಟೈರಿಗೆ ಬ್ಯಾಲೆನ್ಸಿಂಗ್ ಮಾಡಿಸಿ ಪ್ರಯೋಜನವಿಲ್ಲ, ತೂಕ ಸರಿಯಾದರೂ ಆಕಾರ ಸರಿಯಾಗುವುದಿಲ್ಲ.

20–40ರಲ್ಲೇ ಕಾರು ತೊನೆಯುತ್ತದೆ — ಇಲ್ಲಿ ನಿಲ್ಲಿಸಿ

ಬ್ಯಾಲೆನ್ಸ್ ತಪ್ಪಿದ್ದು ನಿಧಾನದಲ್ಲಿ ಗೊತ್ತಾಗುವುದಿಲ್ಲ ಅಂತ ಹೇಳಿದೆನಲ್ಲ. ಹಾಗಾಗಿ ನಿಧಾನದಲ್ಲೇ ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಹೊಯ್ದಾಡಿದರೆ, ಕಾರು ಕುಂಟಿದ ಹಾಗೆ ಅನ್ನಿಸಿದರೆ, ಅದು ಬೇರೆಯೇ ಕಥೆ. ಹೈವೇಗೆ ಹೋಗಬೇಡಿ.

ಮೂರು ಸಾಧ್ಯತೆಗಳಿವೆ. ನಿನ್ನೆ ಮೊನ್ನೆ ಚಕ್ರ ಬಿಚ್ಚಿ ಹಾಕಿಸಿದ್ದರೆ ನಟ್ ಸಡಿಲವಾಗಿರಬಹುದು, ಜೊತೆಗೆ ಟಕ್ ಟಕ್ ಸದ್ದು ಬರುತ್ತದೆ. ತಕ್ಷಣ ಪಕ್ಕಕ್ಕೆ ನಿಲ್ಲಿಸಿ, ಪಾನಾ ಹಾಕಿ ನೋಡಿ. ನಟ್ಟುಗಳು ಸಡಿಲವಿದ್ದೇ ಸ್ವಲ್ಪ ದೂರ ಓಡಿದ್ದರೆ ಬಿಗಿದ ಮೇಲೂ ಬೋಲ್ಟ್ ಮತ್ತು ರಿಮ್ಮಿನ ತೂತು ಮೆಕ್ಯಾನಿಕ್ಕಿಗೆ ತೋರಿಸಲೇಬೇಕು. ಎರಡನೆಯದು ಟೈರಿನ ಉಬ್ಬು. ಗುಂಡಿಗೆ ಬಿದ್ದ ಪೆಟ್ಟಿಗೆ ಟೈರಿನೊಳಗಿನ ದಾರಗಳು ಹರಿದು, ಬದಿಯಲ್ಲಿ ಅರ್ಧ ನಿಂಬೆಹಣ್ಣಿನ ಹಾಗೆ ಊದಿಕೊಳ್ಳುತ್ತದೆ. ಒಳಬದಿಯಲ್ಲಿದ್ದರೆ ಕಣ್ಣಿಗೆ ಬೀಳುವುದಿಲ್ಲ, ಕೈಯಾಡಿಸಿ ನೋಡಬೇಕು. ಕೆಲವು ಸಲ ಉಬ್ಬು ರಸ್ತೆಗೆ ತಾಗುವ ಭಾಗದಲ್ಲೇ ಬರುತ್ತದೆ, ಒಳಗಿನ ಉಕ್ಕಿನ ಪಟ್ಟಿ ಬಿಟ್ಟುಕೊಂಡಿರುತ್ತದೆ. ಇದಕ್ಕೆ ರಿಪೇರಿ ಇಲ್ಲ. ಸ್ಟೆಪ್ನಿ ಹಾಕಿ, ಆ ಟೈರನ್ನು ಮತ್ತೆ ರಸ್ತೆಗೆ ಇಳಿಸಬೇಡಿ. ಮೂರನೆಯದು ಬಾಗಿದ ರಿಮ್.

ರಿಮ್ ನೋಡಲು ಮನೆಯಲ್ಲೇ ಒಂದು ದಾರಿ ಇದೆ. ಸಮತಟ್ಟಾದ, ಗಟ್ಟಿ ನೆಲದ ಮೇಲೆ ಕಾರು ನಿಲ್ಲಿಸಿ. ಮುಂದಿನ ಚಕ್ರ ಎತ್ತುವುದಾದರೆ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ. ಹಿಂದಿನ ಚಕ್ರ ಎತ್ತುವುದಾದರೆ ಹ್ಯಾಂಡ್‌ಬ್ರೇಕ್ ಬಿಡಬೇಕಾಗುತ್ತದೆ, ಇಲ್ಲದಿದ್ದರೆ ಚಕ್ರ ತಿರುಗುವುದಿಲ್ಲ. ಮುಂದಿನ ಚಕ್ರದ ಎಳೆತದ ಕಾರಾದರೆ ಮೊದಲ ಗೇರಿಗೆ ಹಾಕಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ. ಎಂಜಿನ್ ಆಫ್ ಇರಲಿ. ಜಾಕಿಯನ್ನು ಕೈಪಿಡಿ ತೋರಿಸಿದ ಜಾಗಕ್ಕೇ ಕೊಡಿ, ಸ್ಟೆಪ್ನಿಯನ್ನು ಕಾರಿನ ಕೆಳಗೆ ಅಡ್ಡ ಮಲಗಿಸಿಡಿ. ಜಾಕಿ ಜಾರಿದರೆ ಕಾರು ಅದರ ಮೇಲೆ ಕೂರುತ್ತದೆ. ನೀವಂತೂ ಕೆಳಗೆ ತಲೆ ತೂರಿಸಬೇಡಿ.

ಈಗ ಎರಡು ಇಟ್ಟಿಗೆ ಇಟ್ಟು, ಮೇಲೆ ಒಂದು ಪೆನ್ನು ಮಲಗಿಸಿ, ಅದರ ತುದಿ ರಿಮ್ಮಿನ ಅಂಚಿಗೆ ತಾಗಿಯೂ ತಾಗದ ಹಾಗೆ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಚಕ್ರ ನಿಧಾನ ತಿರುಗಿಸಿ. ಸಂದು ಒಂದೇ ಸಮ ಇರಬೇಕು. ಒಂದು, ಒಂದೂವರೆ ಮಿಲಿಮೀಟರಿಗಿಂತ ಜಾಸ್ತಿ ಹಿಗ್ಗಿ ಕುಗ್ಗಿದರೆ ರಿಮ್ ಬಾಗಿದೆ. ಕಬ್ಬಿಣದ ರಿಮ್ಮನ್ನು ತಕ್ಕಮಟ್ಟಿಗೆ ನೇರ ಮಾಡಬಹುದು. ಅಲಾಯ್‌ನಲ್ಲಿ ಕೂದಲೆಳೆಯ ಬಿರುಕು ಕಂಡರೂ ಬದಲಾಯಿಸಿ. ಬೆಸುಗೆ ಹಾಕಿದ ಅಲಾಯ್ ಮೇಲೆ 100ರಲ್ಲಿ ಹೋಗುವ ಧೈರ್ಯ ನನಗಂತೂ ಇಲ್ಲ.

ಚಕ್ರ ಎತ್ತಿದ್ದಾಗಲೇ ಇನ್ನೊಂದು ನೋಡಿ. ಮೇಲೆ ಕೆಳಗೆ, ಅಂದರೆ ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಕಟಕ್ ಅಂದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. 9 ಮತ್ತು 3ರಲ್ಲಿ ಹಿಡಿದಾಗ ಮಾತ್ರ ಆಡಿದರೆ ಸ್ಟೇರಿಂಗಿನ ಟೈ ರಾಡ್ ತುದಿ. ಇವು ಮನೆಯಲ್ಲಿ ಮಾಡುವ ರಿಪೇರಿಗಳಲ್ಲ, ನಿಧಾನವಾಗಿ ಹತ್ತಿರದ ವರ್ಕ್‌ಶಾಪಿಗೆ ಹೋಗಿ. ಆಟ ಜಾಸ್ತಿ ಇದ್ದರೆ ಟೋ ಮಾಡಿಸಿ.

ಹೆದ್ದಾರಿಯಲ್ಲೇ ಹೀಗಾದರೆ ಬ್ರೇಕ್ ಜೋರಾಗಿ ಒತ್ತಬೇಡಿ. ಆಕ್ಸಿಲರೇಟರ್ ಬಿಟ್ಟು, ಸ್ಟೇರಿಂಗ್ ಗಟ್ಟಿ ಹಿಡಿದು, ಹಜಾರ್ಡ್ ಲೈಟ್ ಹಾಕಿ ಎಡಕ್ಕೆ ಬನ್ನಿ. ಎಲ್ಲರೂ ಇಳಿದು ತಡೆಬೇಲಿಯ ಆಚೆ ನಿಲ್ಲಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಲಾರಿಗಳು ಪಕ್ಕದಲ್ಲೇ ಹಾರುತ್ತಿರುವಾಗ ಬಲಗಡೆಯ ಚಕ್ರ ನೀವೇ ಬದಲಿಸಲು ಹೋಗಬೇಡಿ.

ಬ್ರೇಕ್ ಒತ್ತಿದಾಗ ಮಾತ್ರ ನಡುಗುತ್ತದೆ

ಬ್ಯಾಲೆನ್ಸಿಂಗಿಗೆ ದುಡ್ಡು ಹಾಕಬೇಡಿ. ಇದು ಬ್ರೇಕ್ ಡಿಸ್ಕಿನ ದೋಷ. ಡಿಸ್ಕಿನ ದಪ್ಪ ಒಂದೇ ಸಮ ಇಲ್ಲದಿದ್ದರೆ ಅಥವಾ ಪ್ಯಾಡಿನ ಪುಡಿ ಅದರ ಮೇಲೆ ಅಲ್ಲಲ್ಲಿ ಮೆತ್ತಿಕೊಂಡಿದ್ದರೆ ಪೆಡಲ್ ಕಾಲಿಗೆ ತಿರುಗಿ ತಳ್ಳುತ್ತದೆ, ಸ್ಟೇರಿಂಗೂ ಅದುರುತ್ತದೆ. ಚಾರ್ಮಾಡಿ, ಶಿರಾಡಿಯಂಥ ಘಾಟಿಯನ್ನು ಮೇಲಿನ ಗೇರಿನಲ್ಲಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದು ಬಂದ ಮೇಲೆ ಶುರುವಾದರೆ ಅಚ್ಚರಿ ಇಲ್ಲ. ತಡಮಾಡದೆ ವರ್ಕ್‌ಶಾಪಿಗೆ ತೋರಿಸಿ.

ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿ, ಬಿಟ್ಟರೆ ಮಾಯ

ಚಕ್ರದ ತೂಕ ತಪ್ಪಿದ್ದರೆ ಕಾಲು ತೆಗೆದರೂ ಅದೇ ವೇಗದಲ್ಲಿ ನಡುಕ ಉಳಿಯಬೇಕಿತ್ತು. ಕಾಲು ತೆಗೆದ ಕೂಡಲೇ ಹೋದರೆ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಅಥವಾ ಎಂಜಿನ್ ಮೌಂಟ್ ಕಡೆ ನೋಡಿಸಿ.

ನಡುಕಕ್ಕಿಂತ ಗುಂಯ್ ಸದ್ದೇ ಜಾಸ್ತಿ

ವೇಗದ ಜೊತೆ ಏರುವ, ಉದ್ದದ ತಿರುವಿನಲ್ಲಿ ಒಂದು ಕಡೆ ತಿರುಗಿದಾಗ ಜೋರಾಗಿ ಇನ್ನೊಂದು ಕಡೆಗೆ ಕಡಿಮೆಯಾಗುವ ಸದ್ದು ವೀಲ್ ಬೇರಿಂಗಿನದು. ಟೈರಿನ ಮೇಲೆ ಕೈಯಾಡಿಸಿದಾಗ ಅಲೆ ಅಲೆಯಾಗಿ ಗುಳಿ ಬಿದ್ದಿದ್ದರೆ ಸದ್ದು ಟೈರಿನದೇ ಇರಬಹುದು. ಆ ಗುಳಿಗಳಿಗೆ ಸಾಮಾನ್ಯವಾಗಿ ಕಾರಣ ಸತ್ತುಹೋದ ಶಾಕ್ ಅಬ್ಸಾರ್ಬರ್. ಅದನ್ನು ಬದಲಿಸದೆ ಹೊಸ ಟೈರ್ ಹಾಕಿಸಿದರೆ ಅದಕ್ಕೂ ಅದೇ ಗತಿ.

ನಡುಕ ಇಲ್ಲ, ಒಂದು ಕಡೆ ಎಳೆಯುತ್ತದೆ

ಇದು ಅಲೈನ್‌ಮೆಂಟ್. ಎರಡನ್ನೂ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ, ಆದರೆ ಕೆಲಸ ಬೇರೆ ಬೇರೆ. ಬ್ಯಾಲೆನ್ಸಿಂಗ್ ಅಂದರೆ ಚಕ್ರದ ಸುತ್ತ ತೂಕ ಸಮ ಮಾಡುವುದು. ಅಲೈನ್‌ಮೆಂಟ್ ಅಂದರೆ ಚಕ್ರ ನಿಂತಿರುವ ಕೋನ ಸರಿ ಮಾಡುವುದು. ಟೈರಿನ ಒಂದು ಅಂಚು ಮಾತ್ರ ಸವೆದಿದ್ದರೂ ಇದೇ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಎಳೆತಕ್ಕೂ ಮೊದಲು ಎರಡು ಕಡೆಯ ಗಾಳಿ ಸಮ ಇದೆಯಾ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ಟೈರಿನ ಮೇಲಿನ ಹಳ್ಳಗಳ ಆಳ 1.6 ಮಿಲಿಮೀಟರಿಗೆ ಇಳಿದಿದ್ದರೆ ಆ ಟೈರಿನ ಮೇಲೆ ಇನ್ನು ಯಾವ ಖರ್ಚೂ ಬೇಡ.

ಎಲ್ಲ ಮಾಡಿಸಿದೆ, ನಡುಕ ಹೋಗಿಲ್ಲ

ಆಗ ಜಾಗ ಬದಲಿಸಿ ನೋಡಿ. ಮುಂದಿನ ಎರಡು ಚಕ್ರಗಳನ್ನು ಅದೇ ಬದಿಯಲ್ಲಿ ಹಿಂದಕ್ಕೆ ಹಾಕಿಸಿ. ಎಡಗಡೆಯದು ಎಡಗಡೆಗೇ ಇರಲಿ, ಕೆಲವು ಟೈರುಗಳು ಒಂದೇ ದಿಕ್ಕಿಗೆ ತಿರುಗಬೇಕು. ಮುಂದಿನ ಮತ್ತು ಹಿಂದಿನ ಟೈರ್ ಅಳತೆ ಬೇರೆ ಬೇರೆ ಇರುವ ಕಾರಿನಲ್ಲಿ ಇದು ಆಗುವುದಿಲ್ಲ. ನಡುಕ ಕೈಯಿಂದ ಸೀಟಿಗೆ ಹೋದರೆ ದೋಷ ಆ ಚಕ್ರಗಳಲ್ಲೇ ಇದೆ. ಕೈಯಲ್ಲೇ ಉಳಿದರೆ ಹಬ್ (ಚಕ್ರ ಕೂರಿಸಿ ಬಿಗಿಯುವ ಭಾಗ), ಡಿಸ್ಕ್, ಸಸ್ಪೆನ್ಷನ್ ಕಡೆ ಹೋಗಿ. ಯಾವ ಚಕ್ರ ಅಂತ ಹಿಡಿಯಲು ಒಂದೊಂದಾಗಿ ಸ್ಟೆಪ್ನಿ ಹಾಕಿ ನೋಡಬಹುದು, ಆದರೆ ಸ್ಟೆಪ್ನಿ ಅದೇ ಅಳತೆಯದ್ದಾಗಿದ್ದರೆ ಮಾತ್ರ. ಈಗಿನ ಹಲವು ಕಾರುಗಳಲ್ಲಿ ಅದು ಚಿಕ್ಕದಿರುತ್ತದೆ, 80 ದಾಟಬಾರದು ಅಂತ ಅದರ ಮೇಲೇ ಬರೆದಿರುತ್ತದೆ.

ಚಕ್ರ ಬಿಚ್ಚಿದಾಗ ಹಬ್ಬಿನ ಮುಖ ನೋಡಿ. ಮಂಗಳೂರು, ಉಡುಪಿ ಕಡೆಯ ಕಾರುಗಳಲ್ಲಿ ಅಲ್ಲಿ ತುಕ್ಕಿನ ಪದರ ಎದ್ದಿರುತ್ತದೆ. ಅದರ ಮೇಲೆ ಕೂತ ರಿಮ್ ಕೂದಲೆಳೆಯಷ್ಟು ಓರೆಯಾಗುತ್ತದೆ. ಮಷಿನ್ ಮೇಲೆ ಸೊನ್ನೆ, ಕಾರಿನ ಮೇಲೆ ಕುಣಿತ! ವೈರ್ ಬ್ರಷ್ ಹಾಕಿ ಉಜ್ಜಿ, ಒರೆಸಿ, ಆಮೇಲೆ ಚಕ್ರ ಕೂರಿಸಲಿ. ನಟ್ಟುಗಳನ್ನು ಒಂದರ ಪಕ್ಕ ಒಂದು ಅಂತ ಸುತ್ತ ಬಿಗಿಯದೆ, ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಗಾಳಿ ಗನ್ನಿನಲ್ಲಿ ಗರ್ರ್ ಅನ್ನಿಸಿ ಬಿಡುವವರಿಗೆ ಕೊನೆಯ ಬಿಗಿ ಟಾರ್ಕ್ ಪಾನಾದಲ್ಲಿ (ಬಿಗಿ ಎಷ್ಟೆಂದು ಅಳೆಯುವ ಪಾನಾ) ಕೊಡಿ ಅಂತ ಹೇಳಿ. ಎಷ್ಟು ಅನ್ನುವುದು ಕಾರಿನ ಕೈಪಿಡಿಯಲ್ಲಿದೆ. ಮನೆಗೆ ಬಂದು 50–100 ಕಿಲೋಮೀಟರ್ ಓಡಿಸಿದ ಮೇಲೆ ಟಾರ್ಕ್ ಇನ್ನೂ ಅಷ್ಟೇ ಇದೆಯಾ ಅಂತ ಇನ್ನೊಮ್ಮೆ ನೋಡಿಸಿ.